ಶುಕ್ರವಾರದ ಗೋಡೆ

ಗಂಗಾವತಿಯ ನಮ್ಮ ಮನೆಯಲ್ಲಿ ಮೂರು ಖೋಲಿಗಳಿದ್ದವು, ಮೂರರಲ್ಲೂ ಹತ್ತಿ. ನಡುವಿನ ಖೋಲಿಯಲ್ಲಿ ಅಜ್ಜಿ ಮತ್ತು ಅವ್ವ ಗಾದಿ ಹೊಲಿಯುತ್ತಿದ್ದರು. ಹಿಂಜಿದ ಹತ್ತಿಯ ಎಳೆ ಅಲ್ಲಿಂದ ಎದ್ದು ಅಡುಗೆಮನೆಗೆ ಹೋಗಿ ನಾದಿದ ಹಿಟ್ಟಿನ ಮೇಲೆ ಕೂಡುತ್ತಿತ್ತು, ಪಡಸಾಲೆಗೆ ಬಂದು ಅಪ್ಪನ ಹಸಿ ಬಣ್ಣದ ಮೇಲೆ ಕೂಡುತ್ತಿತ್ತು. ರೊಟ್ಟಿ ಮುರಿದರೆ ಒಂದು ಎಳೆ, ಸಾರು ಸುರಿದುಕೊಂಡರೆ ಒಂದು ಎಳೆ. ನಾವು ನದಾಫರು, ಹತ್ತಿ ಹಿಂಜುವ ಕಸುಬಿನವರು. ಮನೆಮಾತು ಕನ್ನಡ, ನಮಾಜಿನ ಮಾತು ಅರಬ್ಬಿ, ಅಜ್ಜಿಗೆ ಮಾತ್ರ ಸಿಟ್ಟಿನ ಮಾತು ಉರ್ದು. ಅಪ್ಪ ಒಬ್ಬನೇ ಕಸುಬು ಬಿಟ್ಟು ಕುಂಚ ಹಿಡಿದವನು. ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿ, ಟಾಕೀಸಿನ ಬ್ಯಾನರು, ಊರಿನಲ್ಲಿ ಕಣ್ಣಿಗೆ ಬೀಳುವ ಅಕ್ಷರಗಳಲ್ಲಿ ಅರ್ಧ ಅವನ ಕೈಯವು. ಅವನ ಬೋರ್ಡು ಗುರುತು ಹಿಡಿಯುವುದಂತೂ ಬಹಳ ಸುಲಭ. ಇಳಿಬಿಸಿಲಿಗೆ ಓರೆಯಾಗಿ ನೋಡಿದರೆ ಅಕ್ಷರಗಳಿಗೆ ಸಣ್ಣ ಸಣ್ಣ ಕೂದಲು ಕಾಣುತ್ತಿದ್ದವು.

"ರಾಜಾಸಾಬ, ನನ್ನ ಬೋರ್ಡಿಗೆ ಗಡ್ಡ ಬಂದೈತಲ್ಲೋ" ಎಂದು ಕಿರಾಣಿ ಅಂಗಡಿಯವರೊಬ್ಬರು ಒಮ್ಮೆ ದೂರು ತಂದಿದ್ದರು.

"ಧಂದೆ ವಯಸ್ಸಿಗೆ ಬಂತಂತ ತಿಳ್ಕೊರಿ" ಎಂದು ಅಪ್ಪ ಅಂದಿದ್ದ. "ಗಡ್ಡ ಬಂದಮ್ಯಾಲ ಮಂದಿ ಮರ್ಯಾದಿ ಕೊಡ್ತಾರ."

ಈಗ ಅಪ್ಪನಿಗೆ ಎಪ್ಪತ್ತು ದಾಟಿದೆ. ಕೊಪ್ಪಳದಲ್ಲಿ ನನ್ನ ಜೊತೆ ಇದ್ದಾನೆ. ಪತ್ರಿಕೆಗಳಲ್ಲಿ ಬಂದ ಅವನ ವ್ಯಂಗ್ಯಚಿತ್ರಗಳ ಬಗ್ಗೆ ಬರೆಯಲು ಆಗಾಗ ಹುಡುಗ ಹುಡುಗಿಯರು ಬರುತ್ತಾರೆ, ಚಹಾ ಕುಡಿದು, ನಿಮ್ಮ ಗುರು ಯಾರು ಸರ್, ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಅಪ್ಪ ಕಿವಿ ಕೇಳದವನ ಹಾಗೆ ನನ್ನ ಕಡೆ ಕೈ ತೋರಿಸುತ್ತಾನೆ. ನಾನು ಒಂದು ಗೋಡೆಯ ಬಗ್ಗೆ, ಇಬ್ಬರು ಹೆಂಗಸರ ಬಗ್ಗೆ ಹೇಳುತ್ತೇನೆ. ಅವರು ತಲೆಯಾಡಿಸಿ ಬರೆದುಕೊಂಡು ಹೋಗುತ್ತಾರೆ. ಅಚ್ಚಾಗಿ ಬಂದಾಗ ನೋಡಿದರೆ ಗೋಡೆಯೂ ಇರುವುದಿಲ್ಲ, ಹೆಂಗಸರೂ ಇರುವುದಿಲ್ಲ. ಆದ್ದರಿಂದ ಅದನ್ನು ನಾನೇ ಬರೆದಿಡಬೇಕಾಗಿದೆ.

ಅಜ್ಜಿ ಇಮಾಂಬಿಯ ಒಂದು ಕಟ್ಟಳೆ ನಮ್ಮ ಮನೆಯಲ್ಲಿ ನನ್ನ ಹುಟ್ಟಿಗಿಂತ ಮೊದಲಿನಿಂದ ನಡೆದುಬಂದಿತ್ತು. ಅಜ್ಜ ತೀರಿಕೊಂಡ ವರ್ಷ ಅಪ್ಪ ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಅಜ್ಜನ ಮುಖ ಬರೆದನಂತೆ. ಅಜ್ಜಿ ಹತ್ತಿಯ ಗಂಟು ಹೊತ್ತುಕೊಂಡು ಒಳಗೆ ಬಂದವಳು ಗಂಡನನ್ನು ಗೋಡೆಯಲ್ಲಿ ಕಂಡು ಗಂಟನ್ನು ಕೈಬಿಟ್ಟಳಂತೆ. ಆಮೇಲೆ ಉರ್ದುವಿನಲ್ಲಿ ಬಹಳ ಹೊತ್ತು ಬೈದು, ಕೊನೆಗೆ ಕನ್ನಡಕ್ಕೆ ಬಂದು ತೀರ್ಪು ಕೊಟ್ಟಳಂತೆ.

"ಮಾರಿ ಬರದ್ರ ಕಯಾಮತ್ತಿನ ದಿನ, ಸತ್ತೋರೆಲ್ಲ ಎದ್ದು ಲೆಕ್ಕ ಕೊಡೋ ದಿನ, ಅದು ನಿನ್ನ ಮುಂದ ನಿಂತು ಜೀವ ಕೇಳ್ತೈತಿ. ಕೊಡಾಕ ನಿನ್ನ ಕಡೆ ಐತೇನೋ? ಹೊರಗ ಹೊಟ್ಟಿಗಾಗಿ ಏನರ ಬರಕೊ. ನಮ್ಮ ಮನಿ ಗ್ವಾಡಿ ಮ್ಯಾಲ ಮಾರಿ ಬ್ಯಾಡ."

ಅಪ್ಪ ಅಜ್ಜನನ್ನು ಒದ್ದೆ ಅರಿವೆಯಿಂದ ಒರೆಸಿದ. ಆದರೆ ಗೋಡೆಯನ್ನು ಬಿಡಲಿಲ್ಲ, ಒಳಗಿನದರಿಂದ ಹೊರಗಿನದಕ್ಕೆ ಬಂದ. ಮುಖ ಬೇಡ ತಾನೆ, ಉಳಿದ ಮನುಷ್ಯ ಬೇಡ ಎಂದು ಯಾರೂ ಹೇಳಿರಲಿಲ್ಲವಲ್ಲ. ಓಣಿಗೆ ಮುಖ ಮಾಡಿದ ನಮ್ಮ ಹೊರಗೋಡೆಯ ಎದುರಿಗೇ ಬಸಣ್ಣನ ಚಹಾ ಹೋಟೆಲಿತ್ತು. ಅಲ್ಲಿನ ಬೆಂಚಿನ ಮೇಲೆ ಕೂತವರಿಗೆ ನೋಡಲು ನಮ್ಮ ಗೋಡೆಯ ಹೊರತು ಬೇರೇನೂ ಇರಲಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ, ಊಟ ಮಾಡಿ, ಅಪ್ಪ ಆ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದ. ಅವನ ಚಿತ್ರ ಯಾವಾಗಲೂ ಕೆಳಗಿನಿಂದ ಶುರು. ಮೊದಲು ಚಪ್ಪಲಿ ಅಥವಾ ಬೂಟು. ಆಮೇಲೆ ಹಿಮ್ಮಡಿ, ಮೀನಖಂಡ, ಧೋತರದ ಅಂಚು. ಆಮೇಲೆ ಕೈ, ಹೊಟ್ಟೆ. ಅಂಗಿಯ ಮೇಲಿನ ಗುಂಡಿಗೆ ಬಂದು ನಿಲ್ಲಿಸಿಬಿಡುತ್ತಿದ್ದ. ಅದಕ್ಕಿಂತ ಮೇಲೆ ಅಜ್ಜಿಯ ರಾಜ್ಯ.

ಆ ಗೋಡೆಯನ್ನು ಸಿದ್ಧಮಾಡುವುದು ಅವ್ವನ ಕೆಲಸ. ಗುರುವಾರ ಮುಂಜಾನೆ ಹಿತ್ತಲಲ್ಲಿ ಹಳೆಯ ಗಡಿಗೆಗೆ ಸುಣ್ಣದ ಹರಳು ಹಾಕಿ ನೀರು ಹೊಯ್ಯುತ್ತಿದ್ದಳು. ಅದು ಬುಸುಗುಟ್ಟಿ ಕುದಿಯುವಾಗ ನನ್ನನ್ನು ದೂರ ನಿಲ್ಲಿಸುತ್ತಿದ್ದಳು. ತಣ್ಣಗಾದ ಮೇಲೆ ಚಿಟಿಕೆ ನೀಲಿ, ಒಂದು ಹಿಡಿ ನೆನೆಸಿದ ಅಂಟು. ಈಚಲ ಕುಂಚದಿಂದ ಮೇಲಿನಿಂದ ಕೆಳಕ್ಕೆ ಒಂದು ಕೈ, ಎಡದಿಂದ ಬಲಕ್ಕೆ ಒಂದು ಕೈ. ಹಿಂದಿನ ವಾರದ ಮನುಷ್ಯ ಸುಣ್ಣದ ಅಡಿಯಲ್ಲಿ ಮೊದಲು ಮಂಜಾಗಿ, ಬಿಸಿಲೇರಿದಂತೆ ಪೂರಾ ಮಾಯವಾಗುತ್ತಿದ್ದ. ಅಪ್ಪನ ಚಿತ್ರವನ್ನು ಹೀಗೆ ಅಳಿಸಲು ಬೇಜಾರಾಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವ್ವ ಕುಂಚ ನಿಲ್ಲಿಸದೆಯೇ ಹೇಳಿದ್ದಳು.

"ನಿನ್ನಿ ರೊಟ್ಟಿ ಬುಟ್ಟ್ಯಾಗ ಇದ್ರ ಇವತ್ತು ಯಾರು ಸುಡ್ತಾರ ಶಮೀ?"

ಶುಕ್ರವಾರ ನಮ್ಮಲ್ಲಿ ರೊಟ್ಟಿಗೆ ರಜೆ. ಕಾರಟಗಿಯ ಗಿರಣಿಯಿಂದ ತಂದ ನುಚ್ಚಕ್ಕಿಯ ಅನ್ನ, ಮೇಲೆ ಕೆಂಪಗಿನ ಖಾರದ ಸಾರು. ಬೇಗ ಬೇಗ ಉಂಡು ನಾನು ಬಸಣ್ಣನ ಹೋಟೆಲಿನ ಕಟ್ಟೆಗೆ ಓಡುತ್ತಿದ್ದೆ. ಅಲ್ಲಿ ಆಗಲೇ ಪಂದ್ಯ ಶುರುವಾಗಿರುತ್ತಿತ್ತು. ಗೋಡೆಯ ಮೇಲೆ ಒಂದು ಹೆಬ್ಬೆರಳು ಮೂಡಿದ ಕೂಡಲೇ ಒಬ್ಬರು ಒಂದು ಹೆಸರು ಕೂಗುವರು, ಇನ್ನೊಬ್ಬರು ಇನ್ನೊಂದು. ಸೋತವರು ಚಹಾ ಕುಡಿಸಬೇಕು. ನಮ್ಮ ಓಣಿಗೆ ಡಾಂಬರು ಹಾಕಿಸಿದ ಗುತ್ತಿಗೆದಾರನನ್ನು ಅಪ್ಪ ಬರೆದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಹೊಸ ರಸ್ತೆಯಲ್ಲಿ ಹೂತು ಹೋದ ಎರಡು ಚಪ್ಪಲಿ, ಸ್ವಲ್ಪ ಮುಂದೆ ಬರಿಗಾಲಲ್ಲಿ ಓಡುವ ಎರಡು ದಪ್ಪ ಮೀನಖಂಡ. ಅಷ್ಟೇ. ಬಸಣ್ಣ ನಕ್ಕು ನಕ್ಕು ಹಾಲು ಉಕ್ಕಿಸಿದ್ದ. ಮುಖ ನೋಡದೆ ಮನುಷ್ಯನನ್ನು ಓದುವುದನ್ನು ನಾನು ಕಲಿತದ್ದು ಆ ಕಟ್ಟೆಯ ಮೇಲೆ. ಇವತ್ತಿಗೂ ನನ್ನ ತರಗತಿಯಲ್ಲಿ ಮನೆಪಾಠ ಮಾಡದೆ ಬಂದ ಮಕ್ಕಳು ಯಾರೆಂದು ಬೆಂಚಿನ ಕೆಳಗಿನ ಕಾಲು ನೋಡಿಯೇ ಹೇಳಬಲ್ಲೆ.

ಅಕ್ಕಿ ಗಿರಣಿಯ ಧಣಿಯ ಚಿತ್ರ ಬಂದದ್ದು ನನಗೆ ಎಂಟು ವರ್ಷವಿದ್ದಾಗ. ಅವರ ಹೆಸರು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ನನ್ನ ಕೈಯಲ್ಲಿ ಓದಿದ್ದಾರೆ, ಒಳ್ಳೆಯ ಮಕ್ಕಳು. ಧಣಿಗೆ ಗಿರಣಿಗಳೂ ಇದ್ದವು, ರಾಜಕೀಯವೂ ಇತ್ತು, ಕಾಲುವೆಯ ಮೇಲ್ಭಾಗದಲ್ಲಿ ಗದ್ದೆಗಳೂ ಇದ್ದವು. ಆ ವರ್ಷ ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಮುಟ್ಟಿರಲಿಲ್ಲ. ಅಪ್ಪ ಒಂದು ತೂಬಿನ ಬಾಗಿಲು ಬರೆದ. ಬಾಗಿಲಿನ ಈ ಕಡೆ ನೀರಿನಲ್ಲಿ ತಣ್ಣಗೆ ನಿಂತ ಎರಡು ಬಿಳಿ ಬೂಟು, ಆ ಕಡೆ ಒಣ ಮಣ್ಣಿನ ಮೇಲೆ ಒಡೆದ ಹಿಮ್ಮಡಿಗಳ ಒಂದು ಸಾಲು. ಬಿಳಿ ಬೂಟಿನವನ ಕೈ ತೂಬಿನ ಚಕ್ರದ ಮೇಲೆ ಆರಾಮಾಗಿ ಕೂತಿತ್ತು, ಮಗುವಿನ ತಲೆ ಸವರುವ ಹಾಗೆ. ಊರಿನಲ್ಲಿ ಬಿಳಿ ಬೂಟು ಹಾಕುತ್ತಿದ್ದವರು ಒಬ್ಬರೇ. ಮರುದಿನ ನಮ್ಮ ಮನೆ ಮುಂದೆ ಜೀಪು ನಿಂತಿತು.

"ಏನಪಾ ಪೇಂಟರಾ, ನನ್ನ ಚಿತ್ರ ಬರ್ದೀಯಂತ?" ಧಣಿ ಇಳಿಯಲೂ ಇಲ್ಲ.

"ಇಲ್ರಿ ಧಣಿ. ಯಾರಂದ್ರು?"

"ಇದು ನಾನಲ್ಲೇನು?"

"ಮಾರೀನ ಇಲ್ಲಲ್ರಿ ಅದಕ. ನಿಮಗ ನೀವ ಅಂತ ಹೆಂಗ ಗೊತ್ತಾತ್ರಿ?"

ಬೆಂಚಿನ ಮೇಲಿದ್ದವರು ಚಹಾದ ಬಟ್ಟಲಿನಲ್ಲಿ ಮುಖ ಹುದುಗಿಸಿಕೊಂಡರು. ಧಣಿ ಕೂಡ ನಕ್ಕರು. ನಕ್ಕು, ಬಸಣ್ಣನಿಗೆ ಎಲ್ಲರಿಗೂ ಇನ್ನೊಂದು ಚಹಾ ಕೊಡಲು ಹೇಳಿ ಹೋದರು. ಜಗಳವಾಗಿದ್ದರೆ ಚೆನ್ನಾಗಿತ್ತು ಎಂದು ಅವ್ವ ಆಮೇಲೆ ಎಷ್ಟೋ ಸಲ ಅಂದಿದ್ದಳು. ಮುಂದಿನ ವಾರದಿಂದ ಅಪ್ಪನಿಗೆ ಬೋರ್ಡು ಬರೆಸುವವರು ಒಬ್ಬೊಬ್ಬರಾಗಿ ನಿಂತರು. ಗಿರಣಿಗಳ ಚೀಲಗಳಿಗೆ ಮುದ್ರೆ ಹಾಕುವ ಕೆಲಸ ನಿಂತಿತು. ಟಾಕೀಸಿನವರು ಹೊಸಪೇಟೆಯಿಂದ ಬೇರೆಯವರನ್ನು ಕರೆಸಿದರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. "ಸದ್ಯಕ ಬ್ಯಾಡ ರಾಜಾಸಾಬ" ಎಂದು ನೆಲ ನೋಡುತ್ತಾ ಹೇಳಿದರು. ಕಾಲುವೆಯ ನೀರು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಧಣಿಯ ಮಾತೂ ಹೋಗುತ್ತಿತ್ತು. ಒಂದು ವರ್ಷ ಹೀಗೆ ತಳ್ಳಿದ ಮೇಲೆ ಅಪ್ಪ ಹೈದರಾಬಾದಿನ ಏಜೆಂಟನ ಮೂಲಕ ಕುವೈತಿಗೆ ಹೊರಟ. ಉರ್ದು ಶಾಲೆಯಲ್ಲಿ ಕಲಿತ ಅಕ್ಷರ ಅಲ್ಲಿ ಉಪಯೋಗಕ್ಕೆ ಬಂತು. ಅರಬ್ಬಿ ಬೋರ್ಡು ಬರೆಯಬಲ್ಲ ಪೇಂಟರನನ್ನು ಅವರು ಹುಡುಕುತ್ತಿದ್ದರು. ಯಾವಾಗ ಬರುತ್ತೀ ಎಂದು ಅಜ್ಜಿ ಕೇಳಿದಳು. ಎರಡು ವರ್ಷ ಎಂದ. ಅಜ್ಜಿ ಒಳಗೆ ಹೋಗಿ ಹತ್ತಿಯ ಮುಂದೆ ಕೂತಳು, ಆದರೆ ಹಿಂಜಲಿಲ್ಲ.

ಅವನ ಪತ್ರಗಳಲ್ಲಿ ಅಕ್ಷರ ಕಡಿಮೆ, ಕಾಲುಗಳು ಹೆಚ್ಚು. ರೊಟ್ಟಿ ಭಟ್ಟಿಯವನ ಹಿಟ್ಟು ಮೆತ್ತಿದ ಪಾದ. ಆಸ್ಪತ್ರೆಯ ನರ್ಸಮ್ಮನ ಸವೆದ ಬಿಳಿ ಚಪ್ಪಲಿ. ಕಾರಿನಿಂದ ಒಂದೇ ಒಂದು ಕಾಲು ಹೊರಗಿಟ್ಟು, ಕೆಳಗೆ ಇಳಿಯಲೋ ಬೇಡವೋ ಎಂದು ಯೋಚಿಸುತ್ತಿರುವ ಸಾಹುಕಾರ. ಅಜ್ಜಿ ಕಾಗದವನ್ನು ತಿರುಗಿಸಿ ಮುರುಗಿಸಿ, ಎಲ್ಲಿಯೂ ಮಾರಿ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಕುರ್‌ಆನಿನ ಪಕ್ಕ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಆಮೇಲೆ ಒಂದು ದಿನ ಬಸಣ್ಣ ರೇಡಿಯೋವನ್ನು ಹೋಟೆಲಿನ ಬಾಗಿಲಿಗೆ ತಂದಿಟ್ಟ. ಕುವೈತಿಗೆ ಹೊರಗಿನ ಸೈನ್ಯ ನುಗ್ಗಿದೆ ಎಂದಿತು ರೇಡಿಯೋ. ಆ ತಿಂಗಳಿನಿಂದ ಪತ್ರ ನಿಂತಿತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಅಳು ಇರಲಿಲ್ಲ, ಜಗಳವಿತ್ತು. ಉಪ್ಪು ಹೆಚ್ಚಾಯಿತೆಂದು ಜಗಳ, ಸೂಜಿ ಕಳೆಯಿತೆಂದು ಜಗಳ. ಅಜ್ಜಿ ಅನ್ನ ಬಿಟ್ಟಳು, ಮಗ ಬರುವ ತನಕ ಶುಕ್ರವಾರವೂ ರೊಟ್ಟಿಯೇ ಎಂದಳು. ಅವ್ವ ಮಾತ್ರ ಗುರುವಾರದ ಗಡಿಗೆ ಬಿಡಲಿಲ್ಲ. ಯಾರೂ ಏನೂ ಬರೆಯದ ಗೋಡೆಗೆ ವಾರ ವಾರ ಸುಣ್ಣ. ಓಣಿಯ ಹೆಂಗಸರು ಮೊದಲು ಮರುಕದಿಂದ ನೋಡಿದರು, ಆಮೇಲೆ ನೋಡದ ಹಾಗೆ ಹೋಗತೊಡಗಿದರು. ಒಮ್ಮೆ ಬಸಣ್ಣನೇ ತಡೆಯಲಾರದೆ ಕೇಳಿದ.

"ತಂಗೀ, ಬೆಳ್ಳಗ ಐತಲ್ಲ ಗ್ವಾಡಿ. ಮತ್ಯಾಕ ಸುಣ್ಣ?"

"ಅವ್ರು ಗುರುವಾರ ರಾತ್ರಿ ಬಂದ್ರಂತ ತಿಳಿ ಅಣ್ಣಾ. ಶುಕ್ರವಾರಕ್ಕ ಗ್ವಾಡಿ ಬೇಕಲ್ಲ?"

ಅಪ್ಪ ಬಂದದ್ದು ಭಾನುವಾರ. ಮರುಭೂಮಿ ದಾಟಿ, ಡೇರೆಗಳಲ್ಲಿ ದಿನಗಳನ್ನು ಕಳೆದು, ವಿಮಾನದಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಒಂದು ಲಾರಿ ಹಿಡಿದು ಹಿಟ್ನಾಳದ ಹತ್ತಿರ ಇಳಿದು, ಉಳಿದ ದಾರಿಯನ್ನು ಯಾರದೋ ಟ್ರ್ಯಾಕ್ಟರಿನಲ್ಲಿ ಬಂದಿದ್ದ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ನೀರಿನ ಡಬ್ಬಿ. ಅಜ್ಜಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನಿಗೆ ಕೂಗಿದಳು: "ಅನ್ನಕ್ಕಿಡು."

ಊರೆಲ್ಲ ಯುದ್ಧ ಕೇಳಲು ಬಂದಿತು. ಅಪ್ಪ ಎಲ್ಲರಿಗೂ "ಬಿಸಲು ಭಾಳಿತ್ರಿ" ಎಂದಷ್ಟೇ ಹೇಳಿ ಕಳಿಸಿದ. ಗುರುವಾರ ಅವ್ವ ಸುಣ್ಣ ಬಳಿದಳು. ಶುಕ್ರವಾರ ಬಸಣ್ಣ ಬೆಂಚು ಒರೆಸಿಟ್ಟ. ಅಪ್ಪ ನಮಾಜಿನಿಂದ ಬಂದವನು ಗೋಡೆಯ ಮುಂದೆ ಹಾದು ಒಳಗೆ ಹೋಗಿ ಹತ್ತಿಯ ರಾಶಿಯ ಪಕ್ಕ ಮಲಗಿದ. ಮುಂದಿನ ಶುಕ್ರವಾರವೂ ಅಷ್ಟೇ, ಅದರ ಮುಂದಿನದೂ ಅಷ್ಟೇ. ಕುಂಚಗಳನ್ನು ನಾನು ಅವನ ಕಣ್ಣಿಗೆ ಬೀಳುವಲ್ಲಿ ಇಟ್ಟರೆ ಅವು ಮತ್ತೆ ಅಟ್ಟಕ್ಕೆ ಹೋಗಿರುತ್ತಿದ್ದವು. ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಿದ್ದ. ಕೈಗೆ ಬಣ್ಣವೇ ಇರಲಿಲ್ಲ. ಅವನು ಉಂಡ, ಮಾತಾಡಿದ, ನನಗೆ ಗಣಿತ ಹೇಳಿಕೊಟ್ಟ. ಆದರೆ ಯಾರನ್ನೂ ಆಡಿಕೊಳ್ಳಲಿಲ್ಲ. ಅಪ್ಪ ಬಂದಿದ್ದಾನೆ, ಪೇಂಟರ್ ರಾಜಾಸಾಬ ಇನ್ನೂ ಬಂದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಅವನು ಬರದೇ ಇದ್ದರೆ ಏನು ಮಾಡುವುದು ಎಂಬ ಭಯ ನನಗಿದ್ದಷ್ಟೇ ಅವ್ವನಿಗೂ ಇತ್ತು ಎಂದು ಅವಳು ಸುಣ್ಣ ಬಳಿಯುವ ರೀತಿಯಿಂದ ಗೊತ್ತಾಗುತ್ತಿತ್ತು. ಎರಡು ಕೈ ಬಳಿಯುವಲ್ಲಿ ಮೂರು ಕೈ ಬಳಿಯುತ್ತಿದ್ದಳು.

ಇಂಥ ಹೊತ್ತಿನಲ್ಲಿ ಚುನಾವಣೆ ಬಂದಿತು, ಧಣಿಯ ಜೀಪೂ ಬಂದಿತು. ಈ ಸಲ ಅವರು ಇಳಿದು ಒಳಗೆ ಬಂದು, ಹೊಸ ಗಾದಿಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದರು.

"ಹೋದದ್ದು ಹೋತು ರಾಜಾಸಾಬ. ನಿನ್ನಂಥ ಕೈ ಈ ಭಾಗದಾಗ ಇಲ್ಲ. ಸರ್ಕಲ್ಲಿನ್ಯಾಗ ನನ್ನ ಕಟೌಟು ನಿಲ್ಲಸ್ಬೇಕು, ಮೂವತ್ತು ಅಡಿ. ಮಾರಿ ನೋಡಿದ್ರ ಮಂದಿ ಕೈ ಮುಗೀಬೇಕು, ಹಂಗ ಬರಿ. ಗಿರಣಿ ಕೆಲಸ, ಟಾಕೀಸ್ ಕೆಲಸ ಎಲ್ಲಾ ನಿಂದ ಮೊದಲಿನಂಗ."

"ಕೈ ನಡಗತೈತ್ರಿ ಧಣಿ."

"ನಿಲ್ತೈತಿ ಬಿಡು. ಶುಕ್ರವಾರ ಅಳತಿ ತಗೊಂಡು ಬರ್ತೀನಿ. ಅವತ್ತ ಹೂಂ ಅನ್ನು."

ಧಣಿ ಬಂದುಹೋದ ದಿನ ಮಧ್ಯಾಹ್ನದ ಊಟಕ್ಕೆ ಪುಂಡಿಪಲ್ಯವಿತ್ತು. ನಾವು ನಾಲ್ವರೂ ವೃತ್ತವಾಗಿ ಕೂತಿದ್ದೆವು. ಒಪ್ಪಿಕೊಳ್ಳಲಿ ಎಂದು ಅವ್ವ, ಆ ಮನುಷ್ಯನ ಚಹಾದ ಬಟ್ಟಲನ್ನು ಮೂರು ಸಲ ತೊಳಿ ಎಂದು ಅಜ್ಜಿ. ಮಾತು ಏರಿತು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಬರೀಬಲ್ಲೆ" ಎಂದ. "ಅದ ನನಗ ಅಂಜಿಕಿ. ಕುವೈತಿನ್ಯಾಗ ಒಂದ ಮಾರಿ ಎಷ್ಟು ಸಲ ಬರದೇನಂತ ಗೊತ್ತೇನು ನಿಮಗ?"

ಆಗ ಹೇಳಿದ. ಸೈನಿಕರು ಬೀದಿಯಲ್ಲಿ ಪೇಂಟರುಗಳನ್ನು ಹುಡುಕಿ ಹಿಡಿದರಂತೆ. ಅವನೇ ಬರೆದಿದ್ದ ದರ್ಜಿಯ ಬೋರ್ಡು, ರೊಟ್ಟಿ ಅಂಗಡಿಯ ಬೋರ್ಡು, ಎಲ್ಲದರ ಮೇಲೆ ತಮ್ಮ ದೇಶ ಆಳುವ ದೊಡ್ಡ ಮನುಷ್ಯನ ಮುಖ ಬರೆ ಎಂದರಂತೆ. ಬಂದೂಕು ಏಣಿಯ ಬುಡದಲ್ಲಿ, ಅಪ್ಪ ಏಣಿಯ ಮೇಲೆ.

"ಅಂಜಿಕೊಂಡು ಕೆಟ್ಟದಾಗಿ ಬರದಿದ್ರ ಇಷ್ಟು ಸಂಕಟ ಇರ್ತಿರಲಿಲ್ಲ. ಭಾಳ ಛಂದ ಬರದೆ ಬೇ. ಬರಬರತಾ ಇನ್ನೂ ಛಂದ ಬರದೆ. ನೋಡಿದವ್ರ ಎದಿ ಝಲ್ ಅನ್ಬೇಕು, ಹಂಗ. ಒಬ್ಬ ಅಧಿಕಾರಿ ಖುಷಿಯಾಗಿ ಚೀಟಿ ಬರಕೊಟ್ಟ, ನಮ್ಮ ಖೋಲಿಯ ಅಷ್ಟೂ ಮಂದಿ ಅದರ ಮ್ಯಾಲ ಗಡಿ ದಾಟಿದ್ವಿ. ನಾ ಜೀವಂತ ಕುಂತಿರೋದು ಆ ಮಾರಿಯಿಂದ. ಈಗ ಕುಂಚ ಹಿಡದ್ರ ಕೈ ಅದನ್ನ ಬರೀತೈತಿ. ಧಣಿ ಮಾರಿ ಬರದ್ರೂ ಅದ ಬರ್ತೈತಿ."

ಅವ್ವ ತಲೆ ತಗ್ಗಿಸಿದಳು. ಕಟೌಟಿನ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ಅಜ್ಜಿ ಬಹಳ ಹೊತ್ತು ರೊಟ್ಟಿಯ ಚೂರಿಗೆ ಅಂಟಿದ ಹತ್ತಿಯ ಎಳೆಯನ್ನು ಬಿಡಿಸುತ್ತಾ ಕೂತಳು. ಬೈಗುಳ ಬರುತ್ತದೆ, ಉರ್ದುವಿನಲ್ಲೇ ಬರುತ್ತದೆ ಎಂದು ನಾನು ಕಾದೆ.

"ಹಂಗಾದ್ರ ಬರಿ" ಎಂದಳು ಕನ್ನಡದಲ್ಲಿ.

"ಯಾರನ್ನ?"

"ಅವನ್ನ. ಆ ದೊಡ್ಡ ಮನಿಶ್ಯಾನ್ನ. ನಮ್ಮ ಗ್ವಾಡಿ ಮ್ಯಾಲ ಬರಿ. ಹೊಟ್ಟ್ಯಾಗ ಇಟ್ಕೊಂಡು ಸಾಯ್ತಿ ಏನು? ಕಾರಿಕೊ."

"ಮಾರಿ ಬರೀಬ್ಯಾಡಂತ ನೀನ ಅಂದಿದ್ದಿ."

"ಅಂದಿದ್ದೆ. ಈಗ ಬರೀ ಅಂತೀನಿ. ಕಯಾಮತ್ತಿನ ದಿನ ಅದು ಬಂದು ಜೀವ ಕೇಳಿದ್ರ ನನ್ನ ಕಡೆ ಕಳಸು, ನಾ ಮಾತಾಡ್ತೀನಿ."

ಅವಳ ನಂಬಿಕೆ ಎಷ್ಟು ಗಟ್ಟಿ ಎಂದು ಗೊತ್ತಿದ್ದವರಿಗೆ ಮಾತ್ರ ಆ ಮಾತಿನ ತೂಕ ಗೊತ್ತಾಗುತ್ತದೆ. ಮಗನ ಕೈ ತಿರುಗಿ ಬರಲೆಂದು ಅವಳು ತನ್ನ ಪರಲೋಕವನ್ನೇ ಮುಂದಿಟ್ಟಿದ್ದಳು. ಅದೂ ಪುಂಡಿಪಲ್ಯ ಬಡಿಸಿಕೊಳ್ಳುತ್ತಾ.

ಶುಕ್ರವಾರ ಅಪ್ಪ ಅಟ್ಟದಿಂದ ಕುಂಚ ಇಳಿಸಿದ. ಬಸಣ್ಣನಿಂದ ಏಣಿ ತಂದ. ಮೊದಲ ಸಲ ಅವನ ಚಿತ್ರ ಮೇಲಿನಿಂದ ಶುರುವಾಯಿತು. ಹಣೆ, ಹುಬ್ಬು, ಮೀಸೆ. ಗೋಡೆಯ ತುಂಬ ಒಂದೇ ಮುಖ ಏಳುತ್ತಾ ಹೋಯಿತು. ಬೆಂಚಿನ ಮೇಲೆ ಪಂದ್ಯವಿಲ್ಲ, ಕೂಗಾಟವಿಲ್ಲ. ಜನ ಒಬ್ಬೊಬ್ಬರೇ ಎದ್ದು ನಿಂತರು. ಆ ಕಣ್ಣುಗಳು ಓಣಿಯ ಯಾವ ಮೂಲೆಯಲ್ಲಿ ನಿಂತರೂ ನಮ್ಮನ್ನೇ ನೋಡುತ್ತಿದ್ದವು. "ಏನು ಗತ್ತಲೇ!" ಎಂದು ಯಾರೋ ಉಸುರಿದರು. ಅಪ್ಪ ಕೆಳಗಿಳಿದು ಹಿಂದೆ ಸರಿದು ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಏನನ್ನೂ ಅವನು ಕಾರಿಕೊಂಡಿರಲಿಲ್ಲ. ಕುವೈತಿನಲ್ಲಿದ್ದ ಭಯ ನಮ್ಮ ಓಣಿಗೂ ಬಂದಿತ್ತು, ಅಷ್ಟೇ.

ಆಗ ನವಲಿಯ ನಮ್ಮ ಹಳೆಯ ಗಿರಾಕಿ, ಮುದುಕಿ ಗಂಗವ್ವ, ಗಾದಿಗೆಂದು ಹತ್ತಿಯ ಗಂಟು ತಲೆಯ ಮೇಲಿಟ್ಟುಕೊಂಡು ಓಣಿಗೆ ಬಂದಳು. ಗೋಡೆ ಕಂಡವಳೇ ನಿಂತಳು. ಗಂಟು ಇಳಿಸಿದಳು. ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, ಎರಡೂ ಕೈ ಎತ್ತಿ ಮುಗಿದಳು.

"ಯಾವ ಮಠದ ಅಜ್ಜಾರಪಾ ಇವ್ರು? ಎಂಥಾ ಕಳಿ ಐತಿ ಮಾರಿ ಮ್ಯಾಲ! ನನ್ನ ಮೊಣಕಾಲ ನೋವು ಹೋಗಲೆಪ್ಪಾ ತಂದಿ."

ಅಪ್ಪನ ಗಂಟಲಿನಿಂದ ಏನೋ ಸದ್ದು ಬಂದಿತು. ಕೆಮ್ಮು ಎಂದುಕೊಂಡೆ. ಅದು ನಗು. ಏಣಿ ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅವನು ನಕ್ಕದ್ದು ಕಂಡು ಬಸಣ್ಣ ನಕ್ಕ, ಆಮೇಲೆ ಬೆಂಚು ನಕ್ಕಿತು, ಏಕೆಂದು ತಿಳಿಯದೆ ಗಂಗವ್ವನೂ ನಕ್ಕಳು.

"ಗಂಗವ್ವಾ, ಇವ್ರು ಇಷ್ಟು ಛಂದ ಯಾಕ ಕಾಣ್ತಾರ ಗೊತ್ತೇನು? ಬರದಾಂವ ಅಂಜಿದ್ದ. ಅವನ್ನ ಬರಿಯೋದ ಮರ್ತಿದ್ದೆ ನಾ, ತಡಿ."

ಕುಂಚ ಅದ್ದಿ ಆ ಮಹಾ ಮುಖದ ಗಲ್ಲಕ್ಕೆ ಒಂದು ಏಣಿ ಒರಗಿಸಿದ. ಏಣಿಯ ಮೇಲೆ ಗೇಣುದ್ದದ ಒಬ್ಬ ಪೇಂಟರನನ್ನು ಏರಿಸಿದ. ಅವನ ಮೊಣಕಾಲು ಒಂದಕ್ಕೊಂದು ಬಡಿಯುತ್ತಿದ್ದವು, ಪಾಯಜಾಮ ಜಾರುತ್ತಿತ್ತು, ಒಂದು ಕೈ ಲಾಡಿ ಹಿಡಿದಿತ್ತು, ಇನ್ನೊಂದು ಕೈ ಭಯಭಕ್ತಿಯಿಂದ ದೊಡ್ಡ ಮನುಷ್ಯನ ಮೀಸೆ ತೀಡುತ್ತಿತ್ತು. ಹಣೆಯಲ್ಲಿ ಬೆವರು, ನಾಲಿಗೆ ಹೊರಗೆ. ಅದು ನನ್ನ ಅಪ್ಪನ ಮುಖವೇ, ಕೂದಲಿನಷ್ಟೂ ತಪ್ಪಿರಲಿಲ್ಲ. ಈಗ ದೊಡ್ಡ ಮುಖ ನೋಡಿದರೆ ಅದರ ಗತ್ತೆಲ್ಲ ಆ ಜಾರುವ ಪಾಯಜಾಮದವನ ಕೈಯಲ್ಲಿದೆ ಎಂದು ಕಾಣುತ್ತಿತ್ತು. ಆ ಬಡಪಾಯಿ ಒಂದು ಗೆರೆ ಬಿಟ್ಟರೆ ಇಡೀ ಮೀಸೆ ಬಿದ್ದುಹೋಗುತ್ತಿತ್ತು. ಬಸಣ್ಣನ ಹೋಟೆಲು ಹುಚ್ಚೆದ್ದು ನಕ್ಕಿತು. ಮುಂದೆ ಪತ್ರಿಕೆಗಳಲ್ಲಿ ಅವನು ನೂರಾರು ಚಿತ್ರ ಬರೆದ. ದೊಡ್ಡವರನ್ನು ಬರೆದಾಗಲೆಲ್ಲ ಅವರಿಗೆ ಅಂಜಿದವನನ್ನೂ ಬರೆದ. ಬೇರೆಯವರ ವ್ಯಂಗ್ಯದಲ್ಲಿ ಇಲ್ಲದ ಈ ಗುಣ ಅವನಲ್ಲಿ ಹೇಗೆ ಬಂತೆಂದು ಕೇಳುವವರಿಗೆ ಉತ್ತರ ಇದು.

ನಗುವಿನ ನಡುವೆಯೇ ಜೀಪು ಬಂದಿತು. ಧಣಿ ಅಳತೆಯ ಕಾಗದ ಹಿಡಿದು ಇಳಿದರು. ಗೋಡೆ ನೋಡಿ ಅವರೂ ನಕ್ಕರು, ಮನಸ್ಸು ಬಿಚ್ಚಿಯೇ ನಕ್ಕರು.

"ಭಲೇ! ಕೈ ನಿಂತೈತಿ ನೋಡು ನಿಂದು. ಏಣಿ ಮ್ಯಾಲಿನ ಕೋತಿ ಯಾರಲೇ ಅದು?"

"ನಾನ್ರಿ."

"ಒಪ್ಪಿದೆ ನಿನಗ. ಮತ್ತ ನನ್ನ ಕಟೌಟಿಗೆ ಹೂಂ ಅಲ್ಲ?"

"ಬರೀತೀನ್ರಿ ಧಣಿ. ಆದ್ರ ಏಣಿ ಸಮೇತ ಬರೀತೀನಿ. ಏಣಿ ಮ್ಯಾಲ ಊರಾಗ ನಿಮಗ ಅಂಜಿದವ್ರನ್ನೆಲ್ಲಾ ನಿಲ್ಲಸ್ತೀನಿ. ಮೂವತ್ತು ಅಡಿ ಸಾಲಂಗಿಲ್ಲೇನೋ."

ಧಣಿಯ ನಗು ಇನ್ನೂ ಮುಖದ ಮೇಲಿತ್ತು, ಆದರೆ ಅದರಲ್ಲಿ ಯಾರೂ ಇರಲಿಲ್ಲ. ಬೆಂಚಿನ ಕಡೆ ನೋಡಿದರು. ಅಲ್ಲಿ ಒಬ್ಬರೂ ನೆಲ ನೋಡುತ್ತಿರಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡು, ಈ ಸಲ ಯಾರಿಗೂ ಚಹಾ ಹೇಳದೆ ಹೋದರು.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಕೆಲಸ ಹೋತು" ಎಂದಳು.

"ಹೋತು" ಎಂದ ಅಪ್ಪ, ಕುಂಚ ತೊಳೆಯುತ್ತಾ.

"ಮತ್ತ ವಿಮಾನ ಹತ್ತತೀನಿ ಅಂದ್ರ ನಾ ಸುಮ್ನಿರಂಗಿಲ್ಲ ನೋಡ್ರಿ."

"ವಿಮಾನ ಯಾಕ? ಕುಷ್ಟಗಿ ಬಸ್ ಐತಲ್ಲ. ಅಲ್ಲಿ ಕಾಲುವಿ ಇಲ್ಲ. ಕಾಲುವಿ ಇಲ್ಲದಲ್ಲಿ ಧಣಿ ಮಾತು ಮುಟ್ಟಂಗಿಲ್ಲ. ಯಲಬುರ್ಗಾದಾಗೂ ಇಲ್ಲ. ಅಲ್ಲಿ ಅಂಗಡಿ ಇಲ್ಲೇನು, ಬೋರ್ಡು ಇಲ್ಲೇನು?"

ಮರುದಿನವೇ ಹೊರಟ. ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಅಜ್ಜಿ ಈ ಸಲ ಯಾವಾಗ ಬರುತ್ತೀ ಎಂದು ಕೇಳಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ ಒಮ್ಮೆ ಸುಳ್ಳಾಗಿತ್ತಲ್ಲ. ಅವನೇ ಹೊಸ್ತಿಲಲ್ಲಿ ನಿಂತು "ಶುಕ್ರವಾರ ಬರ್ತೀನಿ ಬೇ" ಎಂದ. ಆ ವಾರ ಯಾರೂ ಯಾರಿಗೂ ಕಾಯುತ್ತಿದ್ದೇವೆ ಎಂದು ಹೇಳಿಕೊಳ್ಳಲಿಲ್ಲ. ಬುಧವಾರ ಉಪ್ಪಿಗೆ ಒಂದು ಜಗಳವಾಯಿತು. ಗುರುವಾರ ಮುಂಜಾನೆ ಅಜ್ಜಿ ತಾನಾಗಿ ಹಿತ್ತಲಿಗೆ ಹೋಗಿ ಅವ್ವನ ಜೊತೆ ಗಡಿಗೆ ಹಿಡಿದಳು.

ಶುಕ್ರವಾರ ಹನ್ನೆರಡಾಯಿತು, ಬಸ್ಸಿನ ಹೊತ್ತು ಮೀರಿತು. ಅಜ್ಜಿ ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿದಳು, ಮತ್ತೆ ಏರಿಸಿದಳು. ಅಷ್ಟರಲ್ಲಿ ಎದುರಿನಿಂದ ಬಸಣ್ಣನ ದನಿ ಬಂದಿತು.

"ಇಮಾಂಬಿ ಅವ್ವಾ, ನಿನ್ನ ಮಗ ಮನಿಗೆ ಬಂದಾನೋ ಗ್ವಾಡಿಗೆ ಬಂದಾನೋ ಕೇಳು!"

ನಾವು ಮೂವರೂ ಹೊರಗೆ ಓಡಿದೆವು. ಅಪ್ಪ ಚೀಲ ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ಬಸ್ಸಿನ ಧೂಳು ತಲೆಯ ಮೇಲಿತ್ತು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದಿದ್ದ.

"ನಮಾಜಿಗೆ ಹೊತ್ತಾತಲೋ" ಎಂದಳು ಅಜ್ಜಿ. ಗದರಿಸಬೇಕೆಂದೇ ಹೇಳಿದ್ದು, ಉರ್ದು ಬರಲಿಲ್ಲ.

"ಬಂದೆ ಬೇ" ಎಂದ ಅಪ್ಪ, ತಿರುಗದೆ. "ಇದೊಂದು ಗೆರಿ."